ಖುರ್ಷಿದಳ ದುಪ್ಪಟ್ಟಾದ ಬಣ್ಣ

ಲೇ ಅಸದುಲ್ಲಾ,

ಬೆಳಿಗ್ಗೆಯಿಂದ ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿದೆ. ನೀನು ಗೋರಿಯಲ್ಲಿ ಆರಾಮಾಗಿ ಮಲಗಿದ್ದೀಯ, ಸಿಕ್ಕಿಹಾಕಿಕೊಂಡವನು ನಾನು.

ನಿನ್ನೆ ನಿನ್ನ ಮಗಳು ಖುರ್ಷಿದ್, ತಾಯಿಯ ಜೊತೆ, ಬಿಳಿ ರೇಷ್ಮೆ ದುಪ್ಪಟ್ಟಾ ಹಿಡಿದು ಮನೆಗೆ ಬಂದಳು. ನೀನು ಹೋದಾಗ ತೊಟ್ಟಿಲಲ್ಲಿದ್ದ ಕೂಸಿಗೆ ಈಗ ನಿಕಾ.

"ಕೋನಪ್ಪ ಚಾಚಾ, ಅಬ್ಬಾ ಮದರಂಗಿಲಿ ರೇಷ್ಮೆಗೆ ಬಣ್ಣ ಹಾಕ್ತಿದ್ರಂತಲ್ಲ, ನೀವು ದಿನಾ ಪಕ್ಕದಲ್ಲೇ ಕೂತಿರ್ತಿದ್ರಂತೆ. ನಂಗೂ ಅದೇ ಬಣ್ಣ ಹಾಕ್ಕೊಡಿ."

ಕೂತಿದ್ದೆ, ನಿಜ. ಮದರಂಗಿಯಲ್ಲಿ ಮದವೂ ಇಲ್ಲ, ಅಂಗಿಯೂ ಇಲ್ಲ ಎಂದು ನಿನ್ನನ್ನು ಗೋಳುಹೊಯ್ದುಕೊಳ್ಳುತ್ತಾ ಕೂತಿದ್ದೆ. ನಿನ್ನ ಕೈ ಏನು ಮಾಡುತ್ತಿತ್ತು ಎಂದು ನೋಡಿದವನಲ್ಲ. ಆದರೂ "ಅದೇನು ಮಹಾ, ಬಾರಮ್ಮ" ಅಂದುಬಿಟ್ಟೆ.

ಸೊಪ್ಪು ಅರೆದು, ನಮ್ಮ ಕಬ್ಬಿಣದ ಬಾಣಲೆಯಲ್ಲಿ ಕುದಿಸಿ, ಬಟ್ಟೆ ಅದ್ದಿದೆ. ನೀನು ತಾಮ್ರದ ಪಾತ್ರೆ ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ ಎಂಬುದು ಬಟ್ಟೆ ಮೇಲೆತ್ತಿದಾಗ ನೆನಪಾಯಿತು. ಜೇನಿನ ಬಣ್ಣ ಬರಬೇಕಾದದ್ದು ಎಮ್ಮೆ ಬಣ್ಣಕ್ಕೆ ತಿರುಗಿತ್ತು ಕಣೋ.

"ಅಬ್ಬಾ ಹಾಕ್ತಿದ್ದ ಬಣ್ಣ ಇದೇನಾ ಚಾಚಾ?"

"ಇದೇ ಕಣಮ್ಮ."

ನಾನು ಏನೇ ಹೇಳಿದರೂ ತಮಾಷೆ ಎಂದು ನಮ್ಮೂರು ಮೇಲೂರು ಇಡೀ ನಗುತ್ತದೆ. ಅವಳು ನಗಲಿಲ್ಲ. ಒದ್ದೆ ದುಪ್ಪಟ್ಟಾವನ್ನು ಕೆನ್ನೆಗೆ ಒತ್ತಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಖತೀಜಾ ಬೀ, ನೀನೇ ಬಣ್ಣ ಹಾಕಿದ ರೇಷ್ಮೆ ಹೊದ್ದು ನಿನ್ನನ್ನು ಮದುವೆಯಾದವರು, ನನ್ನ ಮುಖವನ್ನೇ ನೋಡಿದರು. ಆಮೇಲೆ ಮಗಳ ತಲೆ ಸವರಿದರು.

"ಹಾಂ ಬೇಟಾ, ಇದೇ."