ಮೆಣಸಿನಕಾಯಿ ಗೋದಾಮಿನ ಪಡುವಣ ಗೋಡೆ

ಬ್ಯಾಡಗಿ
ಎರಡನೆಯ ಚೈತ್ರ, ಶಕೆ ೨೧೭೩

ತೇಜಸ್ವಿನಿ ಹಲಗೇರಿಯವರಿಗೆ ಹಾಲವ್ವ ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲು ಹೋಗಲೊಲ್ಲದ್ದರಿಂದ ನಾವು ಚೈತ್ರವನ್ನು ಎರಡು ಸಲ ಎಣಿಸುತ್ತೇವೆ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಣ ಕೇಳಿ ಕಲಿತವಳು ನಾನು. ಇದು ಹಿಂದಂಚೆ. ಸಾವಾದ ಮನೆಗೆ ಸರಕಾರ ಕೊಡುವ ಒಂದೇ ಒಂದು ಕಾಗದ, ಹಿಂದಿನ ಕಾಲಕ್ಕೆ ಹೋಗುವಂಥದು. ಸತ್ತವರನ್ನು ಉಳಿಸಿರೆಂದು ಬರೆಯುವಂತಿಲ್ಲ, ಮನೆಯ ವಿಷಯ ಬರೆಯಬಹುದು. ನನ್ನ ಗಂಡ ಫಕೀರೇಶ ತೀರಿಕೊಂಡರು. ಅದಕ್ಕೇ ಮನೆಯ ವಿಷಯ ಬರೆಯುತ್ತಿದ್ದೇನೆ.

ನೀವು ಈಗ ಮನೆ ಮಾಡಲು ಹೊರಟಿರುವ ಮೆಣಸಿನಕಾಯಿ ಗೋದಾಮಿನಲ್ಲೇ ನಾನಿರುವುದು. ನಿಮಗಿದು ಇನ್ನೂ ಆಗಬೇಕಾದದ್ದು, ನಮಗೆ ಆಗಿಹೋದದ್ದು. ಬಾಗಿಲ ಮೇಲಿನ ಕಲ್ಲಿನಲ್ಲಿ ನಿಮ್ಮ ಹೆಸರಿದೆ. ನಮ್ಮ ಕಾಲದಲ್ಲಿ ಹೊಸ ಪಾಯ ತೋಡುವ ಹಾಗಿಲ್ಲ. ಎಲ್ಲರದೂ ಮರುಮನೆ, ಅಂದರೆ ಬೇರೆ ಯಾವುದಕ್ಕೋ ಕಟ್ಟಿದ್ದನ್ನು ಮನೆ ಮಾಡಿಕೊಂಡದ್ದು. ನನ್ನ ನಾದಿನಿ ನೀಲವ್ವ ಹಳೆಯ ಬ್ಯಾಂಕಿನಲ್ಲಿದ್ದಾಳೆ. ತಿಜೋರಿ ಕೋಣೆಯೇ ಅವಳ ಅಡುಗೆಮನೆ. ಆ ಕಬ್ಬಿಣದ ಬಾಗಿಲು ತೆಗೆಯುವಷ್ಟರಲ್ಲಿ ಸಾರು ಆರುತ್ತದೆ. ಎದುರಿನವರದು ಟಾಕೀಸು, ಇಳಿಜಾರು ನೆಲ. ಲಿಂಬೆಹಣ್ಣು ಕೈಜಾರಿದರೆ ಪರದೆಯಿದ್ದ ಗೋಡೆಯವರೆಗೂ ಹೋಗಿ ಹೆಕ್ಕಬೇಕು. ಇವರೆಲ್ಲರ ಮುಂದೆ ನಮ್ಮದು ಅರಮನೆ ಬಿಡಿ. ಎತ್ತರದ ಸೂರು, ಮೇಲಿನಿಂದ ಬೀಳುವ ಬೆಳಕು, ಮೂಟೆ ಇಳಿಸುತ್ತಿದ್ದ ಕಟ್ಟೆಯೇ ಈಗ ಕೂರುವ ಜಗಲಿ. ಒಳ್ಳೇ ಕೈ ನಿಮ್ಮದು.

ಆದರೆ ಪಡುವಣ ಗೋಡೆಗೆ ನೀವು ಗಿಲಾವು ಮಾಡಿಸಲಿಲ್ಲ. ಇಟ್ಟಿಗೆ ಬರಿದಾಗಿ ಕಂಡರೆ ಚೆಂದ ಅಂದುಕೊಂಡಿರಿ. ಏನು ಷೋಕಿಯೋ ತಾಯಿ! ಆ ಇಟ್ಟಿಗೆಯೊಳಗೆ ಎಷ್ಟು ಸುಗ್ಗಿಯ ಖಾರದ ಧೂಳು ಕೂತಿದೆಯೋ, ಮಧ್ಯಾಹ್ನದ ಬಿಸಿಲು ಬಿದ್ದೊಡನೆ ಇವತ್ತಿಗೂ ಘಾಟು ಏಳುತ್ತದೆ. ಬಂದವರೆಲ್ಲ ಸೀನುತ್ತಾರೆ, ಕಣ್ಣೀರು ಸುರಿಸುತ್ತಾರೆ. ನನ್ನ ಅತ್ತೆ ನಿಮಗೆ ಹಾಕಿದ ಶಾಪಗಳನ್ನು ಇಲ್ಲಿ ಬರೆದರೆ ಹಿಂದಂಚೆಯವರು ಕಾಗದ ವಾಪಸು ಕಳಿಸುತ್ತಾರೆ.

ಮೊನ್ನೆ ತೀರಿಕೊಂಡ ನಮ್ಮ ಯಜಮಾನರನ್ನು ಆ ಗೋಡೆಗೇ ಒರಗಿಸಿ ಕೂರಿಸಿದ್ದೆವು. ಬಂದವರೆಲ್ಲ ಅತ್ತರು. ದುಃಖ ಇದ್ದವರೂ ಅತ್ತರು, ಮುಖ ತೋರಿಸಲು ಬಂದವರೂ ಅತ್ತರು. ನನ್ನ ಕಣ್ಣು ಮಾತ್ರ ಒಣಗಿತ್ತು. ಬಾಳೆಲ್ಲ ಆ ಘಾಟಿನಲ್ಲೇ ಒಗ್ಗರಣೆ ಹಾಕಿದವಳಿಗೆ ಅದು ನಾಟುವುದಿಲ್ಲ. ಒಳಗಿನಿಂದಲೂ ಏನೂ ಬರಲಿಲ್ಲ. ನೀಲವ್ವ ಎಲ್ಲರೆದುರೇ ಅಂದಳು: “ಯವ್ವಾ, ಎಂಥಾ ಕಲ್ಲೆದೀಯಾಕಿ! ನಮ್ಮಣ್ಣ ಹೋದ್ರೂ ಒಂದು ಹನಿ ಕಣ್ಣೀರಿಲ್ಲ.” ನಾನು ಬಂದವರಿಗೆ ನೀರು ಕೊಟ್ಟೆ. ಆಮೇಲೆ ಲೋಟ ತೊಳೆದಿಟ್ಟೆ. ಎಲ್ಲ ಬೇರೆ ಯಾರದೋ ಮನೆಯಲ್ಲಿ ನಡೆದ ಹಾಗಿತ್ತು, ಈಗಲೂ ಹಾಗೇ ಇದೆ.

ಆ ಗೋಡೆಗೆ ಗಿಲಾವು ಮಾಡಿಸಿಬಿಡಿ ಎಂದು ಕೇಳಲೆಂದೇ ಈ ಕಾಗದ ಹಿಡಿದೆ. ಆಗ ನನ್ನ ಕಣ್ಣು ಮರಗಟ್ಟುತ್ತಿರಲಿಲ್ಲ. ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸುತ್ತಿದ್ದೆ, ಆ ನೀಲವ್ವನ ಬಾಯಿಯೂ ಮುಚ್ಚುತ್ತಿತ್ತು.

ಬರೆಯುತ್ತ ಬರೆಯುತ್ತ ನೆನಪಾಯಿತು. ಮದುವೆಯಾಗಿ ಬಂದ ದಿನ, ಸೇರು ಒದ್ದು ಒಳಗೆ ಕಾಲಿಟ್ಟದ್ದೇ ತಡ, ಘಾಟು ಹೊಡೆದು ಕಣ್ಣಲ್ಲಿ ಧಾರೆ. ಅಲ್ಲಿಯವರೆಗೆ ನನ್ನ ಮುಖ ನೋಡಲೂ ನಾಚಿ ನಿಂತಿದ್ದ ಆ ಮನುಷ್ಯ, “ತವರು ನೆನಪಾತೇನು?” ಎಂದು ಕೇಳಿ, ಅಷ್ಟು ಜನರೆದುರು ಹೆಗಲ ಶಲ್ಯದಿಂದ ನನ್ನ ಕಣ್ಣೊರೆಸಿದರು. ಈ ಮನೆಯಲ್ಲೇ ಹುಟ್ಟಿದವರು, ಅದು ಘಾಟೆಂದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು.

ಇದನ್ನು ಬರೆಯುವಾಗಲೂ ಕಣ್ಣು ಒಣಗಿಯೇ ಇದೆ. ಇರಲಿ. ಆ ಗೋಡೆಯನ್ನು ಹಾಗೇ ಬಿಡಿ, ತಾಯಿ. ನಾನು ಬರುವ ದಿನ ನನ್ನ ಕಣ್ಣೊರೆಸಲು ಅವರಿಗೊಂದು ನೆಪ ಬೇಕು.

ಹಾಲವ್ವ