ಸಹಿ ಮಾತ್ರ ಕಲಿಸಿದರೆ ಸಾಕು

೧೧ ನವೆಂಬರ್, ಸೋಮವಾರ

ಪ್ರೀತಿಯ ಪುಟ್ಟಿಗೆ,

ಚಿಕ್ಕಮ್ಮನ ಆಶೀರ್ವಾದಗಳು. ನಿನ್ನ ಎರಡೂ ಪತ್ರ ತಲುಪಿದವು. ಮೊದಲನೆಯದಕ್ಕೇ ಉತ್ತರ ಬರೆಯಬೇಕಿತ್ತು. ಕಾರ್ಖಾನೆಯಲ್ಲಿ ಅಕ್ಷರ ಕಲಿಸುವ ಕೆಲಸ ಸಿಕ್ಕಿತೆಂದು ನೀನು ಅಷ್ಟು ಖುಷಿಯಿಂದ ಬರೆದಿರುವಾಗ ಇಪ್ಪತ್ತು ದಿನ ಸುಮ್ಮನೆ ಕೂತದ್ದು ನನ್ನದೇ ತಪ್ಪು. ಮುನಿಸಿಕೊಂಡಿದ್ದರೆ ಎದುರಿಗೇ ಬೈದುಬಿಡು, ಬೈಸಿಕೊಳ್ಳುತ್ತೇನೆ. ಬರೆಯಲೇ ಇಲ್ಲ ಅಂತಲ್ಲ ಕಣೇ, ಮೂರು ಸಲ ಬರೆದು ಹರಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು 'ಹಲೋ' ಅನ್ನುವಷ್ಟರಲ್ಲಿ ಇಟ್ಟುಬಿಟ್ಟೆ. ಮೊನ್ನೆ ಬಂದ ಆ ಕರೆ ನನ್ನದೇ.

ಇಲ್ಲಿ ಎಲ್ಲ ಕ್ಷೇಮ. ಮಂಡಿನೋವು ಇದ್ದ ಹಾಗೇ ಇದೆ. ಐವತ್ತೈದಕ್ಕೆ ಮತ್ತೆ ವಿದ್ಯಾರ್ಥಿನಿಯಾಗಿದ್ದೇನೆ, ನಗಬೇಡ. ಲೈಬ್ರರಿಯ ಮಹಡಿಯಲ್ಲಿ ಸಂಜೆ ಒಂದು ತರಗತಿ ಶುರುವಾಗಿದೆ. ಕರಾರುಪತ್ರ, ನೋಟಿಸು, ಅರ್ಜಿ, ಇಂಥವನ್ನು ಓದಿ ಅರ್ಥ ಮಾಡಿಕೊಳ್ಳುವುದು ಹೇಗೆ ಅಂತ ಹೇಳಿಕೊಡುತ್ತಾರೆ. ಕಲಿಸುವ ವಕೀಲನಿಗೆ ಹೆಚ್ಚೆಂದರೆ ನಿನ್ನ ವಯಸ್ಸು. ಮೊದಲ ದಿನ ನನ್ನ ಬಿಳಿಕೂದಲು ನೋಡಿ, ಮಗಳನ್ನು ಕರೆದುಕೊಂಡು ಹೋಗಲು ಬಂದವಳು ಅಂದುಕೊಂಡು ಹೊರಗೆ ಕುರ್ಚಿ ಹಾಕಿಸಿದ. "ನಾನೇ ಕಲಿಯೋಕೆ ಬಂದಿರೋದು ಮೇಷ್ಟ್ರೇ" ಅಂದೆ. ಪಾಪ, ಬೆವೆತುಹೋದ. ಈಗ ಮುಂದಿನ ಬೆಂಚು ನನ್ನದು. ಒಂದು ದಿನವೂ ಮನೆಪಾಠ ಬಾಕಿ ಉಳಿಸಿಲ್ಲ.

ಶುಕ್ರವಾರ ನಿನ್ನ ಎರಡನೆಯ ಪತ್ರ ಬಂತು. ಅಂದು ಸಂಜೆ ತರಗತಿಗೆ ಹೋಗಲಿಲ್ಲ. ನೀನು ಬರೆದದ್ದನ್ನು ನಿನಗೇ ಓದಿ ಹೇಳುತ್ತೇನೆ, ನನ್ನ ಕಿವಿಯಿಂದ ಕೇಳು: "ಚಿಕ್ಕಮ್ಮಾ, ಕೆಲಸ ತುಂಬಾ ಸುಲಭ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಕಾರ್ಖಾನೆ. ಮೂವತ್ತಾರು ಹೆಂಗಸರು. ಸಹಿ ಮಾತ್ರ ಕಲಿಸಿದ್ರೆ ಸಾಕಂತೆ, ನಾಲ್ಕೇ ವಾರ. ಹದಿನಾರನೇ ತಾರೀಖು ಎಲ್ರೂ ಒಂದೊಂದು ಹಾಳೆ ಮೇಲೆ ಸಹಿ ಹಾಕ್ತಾರೆ, ಫೋಟೋ ತೆಗೀತಾರೆ." ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಸಣ್ಣಗೆ: "ಮೂರನೇ ವಾರ ಬಂದ್ರೂ ಏಳೆಂಟು ಜನಕ್ಕೆ ಪೆನ್ಸಿಲ್ ಹಿಡಿದ್ರೆ ಕೈ ನಡುಗುತ್ತೆ. ಒಬ್ಬಳಿಗಂತೂ ಮಣಿಕಟ್ಟು ಎತ್ತೋಕೇ ಆಗಲ್ಲ. ಏನಾದ್ರೂ ಉಪಾಯ ಹೇಳು."

ಮೂವತ್ತು ವರ್ಷ ದೊಡ್ಡವರ ಕೈಹಿಡಿದು ಅಕ್ಷರ ತಿದ್ದಿಸಿದ್ದೇನೆ ಪುಟ್ಟಿ. ಹೊಸಬರ ಕೈ ನಡುಗುವುದು ಮೊದಲ ನಾಲ್ಕು ದಿನ. ಅದು ನಾಚಿಕೆ. ಮೂರನೆಯ ವಾರವೂ ನಡುಗಿದರೆ ಅದಕ್ಕೂ ಪೆನ್ಸಿಲ್ಲಿಗೂ ಸಂಬಂಧವಿಲ್ಲ, ಮೈಗೆ ಸೀಸದ ವಿಷ ಏರಿರಬೇಕು. ಆ ಏಳೆಂಟು ಜನರನ್ನು ನಾಳೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಕಾರ್ಖಾನೆಯ ಡಾಕ್ಟರು ಬೇಡ, ಹೊರಗಿನವರನ್ನು ನೋಡು.

ಇನ್ನು ನಿನ್ನಮ್ಮನ ವಿಷಯ. ನಿನಗೆ ಅಲ್ಲೊಂದು ಇಲ್ಲೊಂದು ಹೇಳಿದ್ದೇನೆಯೇ ಹೊರತು ಕೂರಿಸಿಕೊಂಡು ಹೇಳಿಲ್ಲ.

ನಾನು ಓದಿದ್ದು ಅಕ್ಕನ ದುಡಿಮೆಯಿಂದ. ಹದಿನಾಲ್ಕಕ್ಕೇ ಅವಳು ಕಲ್ಲುಪುಡಿ ಕಾರ್ಖಾನೆಗೆ ಸೇರಿದಳು. ಬಿಳಿ ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಬೀಸಿ ಚೀಲಕ್ಕೆ ತುಂಬುವ ಕೆಲಸ. ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. "ನೋಡು, ನಿನಗಿಂತ ಮೊದಲೇ ಮುದುಕಿಯಾದೆ" ಅಂತ ನಗುತ್ತಿದ್ದಳು. ಅವಳು ಚೀಲ ತುಂಬಿದಳು, ನಾನು ಪರೀಕ್ಷೆ ಪಾಸಾದೆ. ಪಾಸಾಗಿ ಎರಡು ವರ್ಷ ಕೆಲಸವಿಲ್ಲದೆ ಕೂತಿದ್ದಾಗ ಅವಳೇ ಸುದ್ದಿ ತಂದಳು: "ನಮ್ಮಲ್ಲಿ ಹೆಂಗಸರಿಗೆ ಅಕ್ಷರ ಕಲಿಸೋಕೆ ಯಾರೋ ಬೇಕಂತೆ ಕಣೇ. ನಿನ್ನ ಹೆಸರು ಹೇಳಿಬಂದೆ."

ಕ್ಯಾಂಟೀನಿನಲ್ಲಿ ತರಗತಿ. ಶಿಫ್ಟು ಮುಗಿದ ಮೇಲೆ ಒಂದೂವರೆ ಗಂಟೆ. ನಲವತ್ತೊಂದು ಹೆಂಗಸರು, ನಿನ್ನಮ್ಮನೂ ಸೇರಿ. ಲೇಬರ್ ಆಫೀಸರು ಮೊದಲ ದಿನವೇ ಹೇಳಿದರು: "ಪಾಠ ಗೀಠ ಬೇಡ ಟೀಚರ್. ಸಹಿ ಬಂದ್ರೆ ಸಾಕು, ಹೆಬ್ಬೆಟ್ಟು ಒತ್ತೋದು ಅವರಿಗೂ ಅವಮಾನ ಅಲ್ವಾ?" ಎಷ್ಟು ಒಳ್ಳೆಯ ಮಾತು ಅನ್ನಿಸಿತು. ಸ್ಲೇಟು ಇರಲಿಲ್ಲ. ಬೇಕಾಗಲೂ ಇಲ್ಲ. ಮೇಜಿನ ಮೇಲೆ ಕೂತಿರುತ್ತಿದ್ದ ಪುಡಿಯಲ್ಲೇ ಬೆರಳಿನಿಂದ ಬರೆಸುತ್ತಿದ್ದೆ. ಅಂಗೈಯಿಂದ ಒರೆಸಿದರೆ ಅಳಿಸಿಹೋಗುತ್ತಿತ್ತು. ಮಾರನೆಯ ದಿನ ಬರುವಷ್ಟರಲ್ಲಿ ಮತ್ತೆ ಬರೆಯುವಷ್ಟು ಕೂತಿರುತ್ತಿತ್ತು. ಅದನ್ನು ನೋಡಿ ನನಗೆ ಬಂದ ಯೋಚನೆ ಒಂದೇ, ಎಷ್ಟು ಅನುಕೂಲ ಅಂತ.

ನಿನ್ನಮ್ಮ ಎಲ್ಲರಿಗಿಂತ ಹಿಂದೆ. ಅವಳ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಆದರೆ ಬಾಯಿ ಎಲ್ಲರಿಗಿಂತ ಮುಂದೆ. ಒಂದು ದಿನ ಎಲ್ಲರೆದುರು ಕೇಳಿದಳು: "ಟೀಚರಮ್ಮಾ, ಹೆಸರು ಬರೆಯೋಕೆ ಬಂದ್ರೆ ಓದೋಕೂ ಬರುತ್ತಾ?"

"ಅದು ಆಮೇಲೆ" ಅಂದೆ.

"ಆಮೇಲೆ ಅಂದ್ರೆ ಯಾವಾಗ? ಗೇಟಿನ ಪಕ್ಕದ ಆ ಕೆಂಪು ಬೋರ್ಡಿನಲ್ಲಿ ಏನು ಬರೆದಿದೆ ಅಂತ ಹದಿನೈದು ವರ್ಷದಿಂದ ನೋಡ್ತಾನೇ ಇದೀನಿ."

ಎಲ್ಲರೂ ನಕ್ಕರು, ನಾನೂ ನಕ್ಕೆ.

ಐದನೆಯ ವಾರ ಸಹಿ ಹಾಕುವ ದಿನ ಬಂತು. ಮೇಜು ಒರೆಸಿ ಬಿಳಿ ಬಟ್ಟೆ ಹಾಸಿದ್ದರು, ಫೋಟೋ ತೆಗೆಯುವವನು ಬಂದಿದ್ದ. ಒಬ್ಬೊಬ್ಬರೇ ಬಂದು ಟೈಪ್ ಮಾಡಿದ ಹಾಳೆಯ ಕೆಳಗೆ ಹೆಸರು ಬರೆದರು. ಕೆಲವರು ಬರೆದು ಅತ್ತರು. ಹಾಳೆಯಲ್ಲಿ ಏನಿದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಮರುದಿನ ಕ್ಯಾಂಟೀನಿಗೆ ಹೋದರೆ ನನ್ನ ಬೆಂಚುಗಳನ್ನು ತೆಗೆದಿದ್ದರು. ತರಗತಿ ಮುಗಿಯಿತಂತೆ. ನನಗೆ ಅಲ್ಲೇ ಆಫೀಸಿನಲ್ಲಿ ಕಾಯಂ ಕೆಲಸ ಕೊಟ್ಟರು.

ಎರಡು ವರ್ಷಕ್ಕೆ ನೀನು ಹುಟ್ಟಿದೆ. ನಿನ್ನನ್ನು ಎತ್ತಿಕೊಂಡು ನಾಲ್ಕು ಮೆಟ್ಟಿಲು ಹತ್ತಿದರೆ ನಿನ್ನಮ್ಮ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಆಗಲೇ ತರಗತಿಯ ಮೂವರು ಕೆಮ್ಮಿ ಕೆಮ್ಮಿ ಹೋಗಿದ್ದರು. ನಿನಗೆ ನಾಲ್ಕಾಗುವಷ್ಟರಲ್ಲಿ ಹನ್ನೊಂದು ಜನ ಹಾಸಿಗೆ ಹಿಡಿದಿದ್ದರು. ಎಲ್ಲರೂ ಸೇರಿ ದೂರು ಕೊಟ್ಟರು, ವಿಚಾರಣೆ ನಡೆಯಿತು. ಕಾರ್ಖಾನೆಯ ವಕೀಲ ಒಂದು ಫೈಲು ಬಿಚ್ಚಿ ಆ ಹಾಳೆಗಳನ್ನು ಇಟ್ಟ. 'ಪುಡಿಯಿಂದ ಶ್ವಾಸಕೋಶದ ಕಾಯಿಲೆ ಬರಬಹುದೆಂದು ನನಗೆ ತಿಳಿಸಲಾಗಿದೆ. ಮುಖಕ್ಕೆ ಕಟ್ಟುವ ಮುಸುಕು ನನಗೆ ಕೊಟ್ಟಿದ್ದಾರೆ. ಕಾಯಿಲೆಯಾದರೆ ಕಾರ್ಖಾನೆ ಹೊಣೆಯಲ್ಲ. ಇದನ್ನು ಸ್ವತಃ ಓದಿ, ಅರ್ಥ ಮಾಡಿಕೊಂಡು ಸಹಿ ಹಾಕಿದ್ದೇನೆ.' ಹೆಬ್ಬೆಟ್ಟಾಗಿದ್ದರೆ, ಇವರಿಗೆ ಓದಿ ಹೇಳಿದವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ಸಹಿ ಇದ್ದಲ್ಲಿ ಆ ಪ್ರಶ್ನೆಯೇ ಇಲ್ಲ.

ವಿಚಾರಣೆಯ ಅಧಿಕಾರಿ ನಿನ್ನಮ್ಮನನ್ನು ಕೇಳಿದರು: "ಇದು ನಿಮ್ಮದೇ ಸಹಿನಾ?"

ಅಕ್ಕ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಕೆಮ್ಮು ನಿಲ್ಲುವವರೆಗೆ ಕಾದು ಹೇಳಿದಳು: "ಹೌದು ಸಾರ್. ನನ್ನ ತಂಗಿ ಕಲಿಸಿದ್ದು."

ಅವಳ ದನಿಯಲ್ಲಿ ಹೆಮ್ಮೆ ಇತ್ತು ಪುಟ್ಟಿ. ಅಷ್ಟೆಲ್ಲ ಆದ ಮೇಲೂ ಇತ್ತು.

ಕೇಸು ಬಿದ್ದುಹೋಯಿತು. ಮರುವರ್ಷ ನಿನ್ನಮ್ಮನೂ ಹೋದಳು. ನಾನು ಆ ಆಫೀಸು ಬಿಟ್ಟು, ನಿನ್ನ ಕೈ ಹಿಡಿದುಕೊಂಡು ವಯಸ್ಕರ ಶಾಲೆಗೆ ಸೇರಿದೆ. ಉಳಿದದ್ದು ನಿನಗೆ ಗೊತ್ತು. ಆ ಬೆಂಚುಗಳ ಕೆಳಗೇ ಆಡಿ ಬೆಳೆದವಳು ನೀನು. ನನ್ನ ತರಗತಿಯಲ್ಲಿ ಸಹಿ ಕೊನೆಯ ಪಾಠ. ಮೊದಲು ಕಲಿಸುವ ಪದ 'ಯಾಕೆ'. ಆಮೇಲೆ 'ಬೇಡ'. ಔಷಧದ ಚೀಟಿ, ಬಸ್ಸಿನ ಬೋರ್ಡು, ಬಾಡಿಗೆ ಕರಾರು ಎಲ್ಲ ಓದಲು ಬಂದ ಮೇಲೆ ಸಹಿ. ಮುನ್ನೂರು ಶಿಕ್ಷಕರಿಗೆ ಇದನ್ನೇ ಹೇಳಿಕೊಟ್ಟೆ. ಈ ಕ್ರಮ ಎಲ್ಲಿಂದ ಕಲಿತಿರಿ ಮೇಡಂ ಅಂತ ಕೇಳುತ್ತಿದ್ದರು. ಅನುಭವ ಅನ್ನುತ್ತಿದ್ದೆ.

ಈಗ ನಾನು ಹೇಳಿದ ಹಾಗೆ ಮಾಡು. ಬುಧವಾರದೊಳಗೆ ಆ ಹಾಳೆ ತೋರಿಸಿ ಅಂತ ಕೇಳು. ಇನ್ನೂ ಟೈಪಾಗಿಲ್ಲ ಅಂದರೆ ನಂಬಬೇಡ. ಕೊಟ್ಟರೆ ಒಂದೊಂದು ಸಾಲನ್ನೂ ಆ ಹೆಂಗಸರಿಗೆ ಗಟ್ಟಿಯಾಗಿ, ಆಡುಮಾತಿನಲ್ಲಿ ಓದಿ ಹೇಳು. ಕೊಡದಿದ್ದರೆ ಹದಿನಾರರ ಶನಿವಾರ ಯಾರೂ ಪೆನ್ನು ಮುಟ್ಟದ ಹಾಗೆ ನೋಡಿಕೋ. ಮ್ಯಾನೇಜರು ನಿನ್ನನ್ನು ರೂಮಿಗೆ ಕರೆಯಬಹುದು. ಕೂರಿಸಿ ಕಾಫಿ ತರಿಸಬಹುದು, ನಿನ್ನ ಕೆಲಸ ಕಾಯಂ ಮಾಡುವ ಮಾತು ತೆಗೆಯಬಹುದು. ಆಗ ಅವರ ದನಿ ತುಂಬಾ ಮೆತ್ತಗಿರುತ್ತದೆ. ಆ ದನಿಗೆ ಹೆದರು.

ಇದನ್ನು ಅಂಚೆಗೆ ಹಾಕಿದರೆ ಶನಿವಾರದೊಳಗೆ ಸಿಗುವುದು ಅನುಮಾನ. ನಿಮ್ಮೂರಿಗೆ ಬರುವ ಬಸ್ಸಿನ ಕಂಡಕ್ಟರು ನನ್ನ ಹಳೆಯ ವಿದ್ಯಾರ್ಥಿ, ಅವನ ಕೈಗೇ ಕೊಡುತ್ತೇನೆ. ಗುರುವಾರ ನಾನೂ ಹೊರಟು ಬರುತ್ತೇನೆ, ನಮ್ಮ ವಕೀಲ ಮೇಷ್ಟ್ರನ್ನೂ ಕರೆದುಕೊಂಡು. ಕೈ ನಡುಗುವವರನ್ನು ಡಾಕ್ಟರಿಗೆ ತೋರಿಸುವುದು ಮಾತ್ರ ನಾನು ಬರುವವರೆಗೆ ಕಾಯುವಂಥದಲ್ಲ. ನೀನೂ ಆ ಶೆಡ್ಡಿನೊಳಗೆ ಕೂತು ಪಾಠ ಮಾಡಬೇಡ, ಅಂಗಳಕ್ಕೆ ಬಾ.

ಒಳ್ಳೆಯ ಟೀಚರಾಗು. ನನಗಿಂತ ಒಳ್ಳೆಯವಳಾಗು. ನೂರು ವರ್ಷ ಸುಖವಾಗಿ ಉಸಿರಾಡಿಕೊಂಡು ಬಾಳು ಮಗಳೇ.

ನಿನ್ನ,
ಚಿಕ್ಕಮ್ಮ

ಮರೆತ ಮಾತು: ಮರೆತದ್ದಲ್ಲ, ಮೂರು ಸಲ ಹರಿದದ್ದು ಇದಕ್ಕೇ. 'ನಮಗ್ಯಾರಿಗೂ ಗೊತ್ತಿರಲಿಲ್ಲ' ಅಂತ ಮೇಲೆ ಬರೆದಿದ್ದೇನೆ. ನಿನಗೂ ಚಿಕ್ಕಂದಿನಿಂದ ಹಾಗೇ ಹೇಳಿದ್ದೇನೆ. ಅದು ಸುಳ್ಳು. ಸಹಿಯ ಹಿಂದಿನ ದಿನ ಲೇಬರ್ ಆಫೀಸರು ನನ್ನನ್ನು ರೂಮಿಗೆ ಕರೆದು ಎರಡು ಕಾಗದ ಮುಂದಿಟ್ಟರು. ಒಂದು ನನ್ನ ಕಾಯಂ ಆರ್ಡರು, ಇನ್ನೊಂದು ಆ ಹಾಳೆ. "ಅಕ್ಷರ ತಪ್ಪಿದ್ರೆ ನೋಡಿಕೊಡಿ ಟೀಚರ್" ಅಂದರು. ಪೂರ್ತಿ ಓದಿದೆ, ಅರ್ಥವೂ ಆಯಿತು. ಒಂದೇ ತಪ್ಪಿತ್ತು. 'ಶ್ವಾಸಕೋಶ' ಎಂಬುದನ್ನು 'ಸ್ವಾಸಕೋಶ' ಎಂದು ಹೊಡೆದಿದ್ದರು. ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟೆ. ಮರುದಿನ ಅಕ್ಕನ ಸರದಿ ಬಂದಾಗ ಅವಳು ಪೆನ್ನು ಹಿಡಿದು ಕೇಳಿದಳು: "ಇದರಲ್ಲಿ ಏನಿದೆಯೇ?" "ಹಾಜರಿಗೆ ಅಷ್ಟೇ, ಹಾಕು" ಅಂದೆ. ಅವಳು ಹಾಳೆಯ ಕಡೆ ನೋಡಲೂ ಇಲ್ಲ. ನನ್ನ ಮುಖ ನೋಡಿ ನಕ್ಕು, ಸಹಿ ಹಾಕಿದಳು.