ಅಗ್ಬೋಜೊ ಅಜ್ಜನ ಮುಖಪುಟ

ಕೆಟಾ
ಮಾರ್ಚ್ 13, ಗುರುವಾರ

ನನ್ನ ಜಗಳಗಂಟಿ ಮಗಳು ಎನ್ಯೊನಾಮ್‌ಗೆ,

ಅಮ್ಮನ ಮುತ್ತುಗಳು. ಟೆಮಾಕ್ಕೆ ಹೊರಟ ವ್ಯಾನಿನ ಡ್ರೈವರ್ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಬೈಯುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ.

ನೀನು ಕಳಿಸಿದ ಕಂಪ್ಯೂಟರ್ ಚೆನ್ನಾಗಿದೆ. ಹೊಸ ಸೊಸೆಯ ಹಾಗೆ ಮನೆಯಲ್ಲಿ ಯಾರೊಂದಿಗೂ ಹೊಂದಿಕೊಳ್ಳುವುದಿಲ್ಲ, ಅಷ್ಟೆ. ಹಳೆಯ ಪರದೆಯ ವೈರು ಇದರ ತೂತಿಗೆ ಹೋಗಲಿಲ್ಲ. ಬೇರೆ ಪರದೆ ತಂದೆ. ಜನವರಿಯಲ್ಲಿ ಕೊಂಡ ಪ್ರಿಂಟರನ್ನು ಹಳೆಯ ಕಂಪ್ಯೂಟರ್ ಮೊದಲ ದಿನ ಬಿಟ್ಟರೆ ಆಮೇಲೆ ಗುರುತಿಸಲೇ ಇಲ್ಲ, ಈಗ ನನ್ನ ಹಳೆಯ ಫೈಲುಗಳನ್ನು ಹೊಸ ಕಂಪ್ಯೂಟರ್ ಗುರುತಿಸುತ್ತಿಲ್ಲ. ಹದಿನೆಂಟು ವರ್ಷ ಈ ಊರಿನ ಸತ್ತವರಿಗೆಲ್ಲ ಅಂತ್ಯಕ್ರಿಯೆಯಲ್ಲಿ ಹಂಚುವ ಪುಸ್ತಕ ಮಾಡಿಕೊಟ್ಟವಳು ಒಂದು ಪುಟಕ್ಕೆ ಒದ್ದಾಡುತ್ತಿದ್ದೇನೆ. ನನ್ನ ಕೆಲಸ ನಿನಗೆ ಗೊತ್ತಲ್ಲ. ಹಿಂದೆ ಸತ್ತವರ ಪುಸ್ತಕ ತೆರೆದು, ಫೋಟೋ ಮತ್ತು ಹೆಸರು ಬದಲಿಸಿ, ನಲವತ್ತು ಪ್ರತಿ ಒತ್ತುವುದು.

ಆದ್ದರಿಂದ ನಿನ್ನ ತಮ್ಮ ಸೆಲೊರ್ಮ್‌ನ ಪುಸ್ತಕ ಸದ್ಯಕ್ಕೆ ಆಗುವುದಿಲ್ಲ ಎಂದು ನಿನ್ನ ಮಾವ ಕೊಕುವಿಗೆ ಹೇಳಿದೆ. ಅವನು, "ಅಕ್ಕಾ, ದೋಣಿ ಮುಳುಗಿ ಎರಡು ತಿಂಗಳಾಯ್ತು. ಸಮುದ್ರ ಇನ್ನು ಸೆಲೊರ್ಮ್‌ನ ಕೊಡಲ್ಲ. ಯಂತ್ರ ಕೆಟ್ಟಿದೆ ಅಂತ ಎಷ್ಟು ದಿನ ದೂಡ್ತೀಯ? ಶನಿವಾರ ಮನೆಯವರೆಲ್ಲ ಕೂತು ಅಂತ್ಯಕ್ರಿಯೆಗೆ ದಿನ ಗೊತ್ತುಮಾಡ್ತೀವಿ" ಅಂದ. ನಾನು ಅವನಿಗೆ ಬಾಗಿಲು ತೋರಿಸಿದೆ.

ಆದರೆ ಯಂತ್ರ ಕೆಟ್ಟಿರುವುದು ಸುಳ್ಳಲ್ಲ. ಹೊಸ ಕಂಪ್ಯೂಟರ್ ಜೋಡಿಸಿದ ಮರುದಿನದಿಂದ, ದೋಣಿಗಳು ದಡಕ್ಕೆ ಬರುವ ಬೆಳಗಿನ ಹೊತ್ತಿಗೆ, ಯಾರೂ ಮುಟ್ಟದೆ ಪ್ರಿಂಟರ್ ಒಂದು ಹಾಳೆ ಕಕ್ಕುತ್ತದೆ. ಅಗ್ಬೋಜೊ ಅಜ್ಜನ ಮುಖಪುಟ. ನಾನು ಕೊನೆಯದಾಗಿ ಪುಸ್ತಕ ಮಾಡಿಕೊಟ್ಟದ್ದು ಆ ಅಜ್ಜನಿಗೇ, ಅವನನ್ನು ಹೊಸ ವರ್ಷದ ವಾರದಲ್ಲೇ ಹೂತಾಗಿದೆ. ರಿಪೇರಿಯ ಬ್ರೈಟ್ ಬಂದು, "ಹಳೇ ಕೆಲಸ ಒಂದು ಒಳಗೆ ಸಿಕ್ಕೊಂಡಿದೆ ಅಮ್ಮಾ, ಅಳಿಸಿಬಿಡ್ತೀನಿ" ಅಂತ ಅಳಿಸಿದ. ಬೆಳಗ್ಗೆ ಮತ್ತೆ ಬಂತು. ಆಮೇಲೆ ಹಾಳೆಗಳನ್ನೆಲ್ಲ ತೆಗೆದು, ವೈರು ಕಿತ್ತು ಜೇಬಿಗೆ ಹಾಕಿಕೊಂಡು ಹೋದ. ಮರುದಿನವೂ ಬಂತು. ಅಂದಿನಿಂದ ಹಾಳೆ ಒದ್ದೆಯಾಗಿರುತ್ತದೆ. ನಾಲಗೆಗೆ ಮುಟ್ಟಿಸಿ ನೋಡಿದೆ, ಉಪ್ಪು. ಬ್ರೈಟ್ ಈಗ ನಮ್ಮ ಬೀದಿಯಲ್ಲಿ ಓಡಾಡುವುದಿಲ್ಲ.

ನನಗೇನೂ ಹೆದರಿಕೆಯಿಲ್ಲ. ಹಾಳೆಗಳನ್ನು ಒಣಗಿಸಿ ಸೆಲೊರ್ಮ್‌ನ ಹಾಸಿಗೆಯ ಮೇಲೆ ಜೋಡಿಸಿಡುತ್ತಿದ್ದೇನೆ. ಯಾಕೆಂದು ಕೇಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮೊಂಡು ಅಮ್ಮ,
ಅಫಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಆ ಹಾಳೆಯಲ್ಲಿ ಹೆಸರು ಮಾತ್ರ ಅಜ್ಜನದು. ಮುಖ ಸೆಲೊರ್ಮ್‌ನದು. ಪ್ರಿಂಟರ್ ತಂದ ದಿನ ಬಣ್ಣ ಹೇಗೆ ಬರುತ್ತದೆ ನೋಡೋಣವೆಂದು, ಕೈಗೆ ಸಿಕ್ಕಿದ ಅವನ ಫೋಟೋವನ್ನು ಅಜ್ಜನ ಜಾಗದಲ್ಲಿ ಹಾಕಿದ್ದೆ. ಬದುಕಿರುವವರ ಫೋಟೋ ಆ ಪುಟದಲ್ಲಿ ಇಡಬಾರದೆಂದು ನಿಮಗೆ ಕಲಿಸಿದವಳೇ ನಾನು. ಅವನು ನಕ್ಕು, "ಅಮ್ಮಾ, ಸತ್ರೂ ಎಷ್ಟು ಚೆಂದ ಇದ್ದೀನಿ ನೋಡು" ಅಂದ. ಮರುದಿನ ಸಮುದ್ರಕ್ಕೆ ಹೋದ. ಅಂದು ಅಭ್ಯಾಸಬಲದಿಂದ ನಲವತ್ತು ಪ್ರತಿ ಒತ್ತಿಬಿಟ್ಟಿದ್ದೆ. ಒಂದು ಬಂದ ಕೂಡಲೇ ಸ್ವಿಚ್ ಆರಿಸಿದೆ. ಉಳಿದವು ಈಗ ಬರುತ್ತಿವೆ. ಅಂದಿನ ಒಂದೂ ಸೇರಿ ಇಂದಿಗೆ ಮೂವತ್ತೆಂಟಾಯಿತು. ಶನಿವಾರ ಬೆಳಗ್ಗೆ ಕೊನೆಯದು. ಅದಾದ ಮೇಲೆ ಅವನು ಬರುವುದಿಲ್ಲ. ದಿನ ಗೊತ್ತುಮಾಡಲು ಮಾವನಿಗೆ ನೀನೇ ಹೇಳು. ಆದರೆ ಶುಕ್ರವಾರವೇ ಬಾ ಮಗಳೇ, ಆ ಹಾಳೆಯನ್ನು ನಾನೊಬ್ಬಳೇ ಕೈಗೆ ತೆಗೆದುಕೊಳ್ಳಲಾರೆ.